ಇಂಜಿನ್ ಅತ್ತೆಯ ‘ನೋಡೋಣ’

ಆ ಊರಿನಲ್ಲಿ ಕರೆಂಟು ಹೆಸರಿಗೆ ಮಾತ್ರ ಇತ್ತು. ಬೆಳಿಗ್ಗೆ ಒಮ್ಮೆ ಮುಖ ತೋರಿಸಿ ಹೋದರೆ ಮತ್ತೆ ಯಾವಾಗ ಬರುತ್ತದೆಂದು ಕರೆಂಟು ಆಫೀಸಿನವರಿಗೇ ಗೊತ್ತಿರುತ್ತಿರಲಿಲ್ಲ. ಕೇಳಲು ಹೋದರೆ ಅವರೂ ಕತ್ತಲಲ್ಲೇ ಬೀಸಣಿಗೆ ಹಿಡಿದು ಕೂತಿರುತ್ತಿದ್ದರು. ಆದರೆ ಅಂಗಡಿ ಬೀದಿಯವರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರಿಗೆ ಇಂಜಿನ್ ಅತ್ತೆ ಇದ್ದರು. ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಅವರದೊಂದು ದೊಡ್ಡ ಡೀಸೆಲ್ ಜನರೇಟರ್. ಕರೆಂಟು ಹೋಯಿತೆಂದರೆ ಅದು ಕೆಮ್ಮಿ, ಹೊಗೆ ಉಗುಳಿ, ಮೈ ಕೊಡವಿಕೊಂಡು ಗುಡುಗಲು ಶುರುಮಾಡುತ್ತಿತ್ತು. ಅಲ್ಲಿಂದ ಹೊರಟ ತಂತಿಗಳು ಮಾಳಿಗೆಯಿಂದ ಮಾಳಿಗೆಗೆ, ಒಣಹಾಕಿದ ಬಟ್ಟೆಗಳ ನಡುವೆ ನುಸುಳಿಕೊಂಡು ಹೋಗಿ, ಬೇಕರಿಯ ಹಿಟ್ಟು ನಾದುವ ಯಂತ್ರಕ್ಕೂ ದರ್ಜಿಯ ಮಿಷನ್ನಿಗೂ ಔಷಧಿ ಅಂಗಡಿಯ ಫ್ರಿಜ್ಜಿಗೂ ಜೀವ ಕೊಡುತ್ತಿದ್ದವು. ತಿಂಗಳಿಗೊಮ್ಮೆ ಎಲ್ಲರೂ ಕೊಡುವುದನ್ನು ಕೊಡುತ್ತಿದ್ದರು, ಬಡಪಾಯಿಗಳು ಕೈಲಾದಾಗ ಕೊಡುತ್ತಿದ್ದರು.

ಗಂಡ ತೀರಿಕೊಂಡಾಗ ಕೈಯಲ್ಲಿ ಮಗು, ಶೆಡ್ಡಿನಲ್ಲಿ ಕೆಟ್ಟುನಿಂತ ಈ ಯಂತ್ರ, ಇವೆರಡೇ ಅತ್ತೆಗೆ ಉಳಿದದ್ದು. ಎರಡನ್ನೂ ಅವರು ಒದ್ದಾಡಿ ಎಬ್ಬಿಸಿ ನಿಲ್ಲಿಸಿದರು. ಯಂತ್ರ ಚೆನ್ನಾಗಿಯೇ ನಿಂತಿತು. ಮಗ ಬೆಳೆದು ಅದೇ ಇಂಜಿನ್ನಿಗೆ ಎಣ್ಣೆ ಬಿಡುವವನಾದ, ಆದರೆ ತನ್ನದೆನ್ನುವ ಒಂದು ಮಾತು ಮಾತ್ರ ಅವನಿಗೆ ಹುಟ್ಟಲೇ ಇಲ್ಲ. ಯಾರು ಏನು ಹೇಳಿದರೂ ‘ಹೂಂ’ ಎನ್ನುತ್ತಿದ್ದ. ಬೀದಿಯವರು ಅವನಿಗೆ ಹೂಂ ಸಾಹೇಬ ಎಂದು ಹೆಸರಿಟ್ಟಿದ್ದರು. ಹಾಗೆ ಕರೆದಾಗಲೂ ಅವನು ಹೂಂ ಎನ್ನುತ್ತಿದ್ದ.

ಇಂಜಿನ್ನಿನ ಪಕ್ಕದಲ್ಲೇ ಆಯುಷ್ಯ ಕಳೆದು ಅತ್ತೆಯ ಕಿವಿ ಅರ್ಧ ಮಂದವಾಗಿತ್ತು. ಅದಕ್ಕೇ ಅವರು ಮಾತಾಡಿದರೆ ಕೂಗಿದ ಹಾಗೆ. ಮನೆಯ ಗುಟ್ಟೆಲ್ಲ ಬೀದಿಗೆ ಗೊತ್ತು. ಬಾಯಿ ಜೋರು, ಮನಸ್ಸು ಬೆಣ್ಣೆ ಎನ್ನುತ್ತಾರಲ್ಲ, ಅಂಥ ಹೆಂಗಸು. ಅಷ್ಟು ಜೋರು ಬಾಯಲ್ಲಿ ಒಂದು ಶಬ್ದ ಮಾತ್ರ ಹೊರಳುತ್ತಿರಲಿಲ್ಲ. ಅದು ‘ಇಲ್ಲ’. ಯಾರಾದರೂ ಆಗದ ಕೆಲಸ ಕೇಳಿಕೊಂಡು ಬಂದರೆ ಅತ್ತೆ ಚಹಾ ಕೊಟ್ಟು, ತಲೆಯಾಡಿಸಿ, ‘ಆಯ್ತು, ನೋಡೋಣ’ ಎಂದು ಕಳಿಸುತ್ತಿದ್ದರು. ಹಾಗೆಂದರೆ ಆಗುವುದಿಲ್ಲ ಎಂದರ್ಥ. ಬೀದಿಯ ಮಕ್ಕಳಿಗೂ ಅದು ಗೊತ್ತಿತ್ತು. ನಮ್ಮ ಮಾತಿನ ಚಮತ್ಕಾರವೇ ಅದು ನೋಡಿ. ನೋಡುತ್ತೇನೆ ಅಲ್ಲ, ನೀವೇ ನೋಡಿ ಎಂದೂ ಅಲ್ಲ, ನೋಡೋಣ. ನಾವೂ ನೀವೂ ಇಬ್ಬರೂ ಸೇರಿ. ಇಬ್ಬರನ್ನೂ ಸೇರಿಸಿಕೊಂಡು ಒಬ್ಬರೂ ನೋಡದಿರುವ ಏರ್ಪಾಡು.

ಈ ‘ನೋಡೋಣ’ವನ್ನು ಎಲ್ಲರಿಗಿಂತ ಹೆಚ್ಚು ಉಂಡವಳು ಸೊಸೆ. ಮದುವೆಗೆ ಮುಂಚೆ ಅವಳು ಬಂದರಿನ ಹತ್ತಿರದ ಹೋಟೆಲೊಂದರಲ್ಲಿ ಬಂದವರನ್ನು ವಿಚಾರಿಸಿಕೊಳ್ಳುವ ಕೆಲಸದಲ್ಲಿದ್ದಳು. ಅಲ್ಲೇ ಪರದೇಶದವರ ಭಾಷೆ ಕಲಿತದ್ದು. ಮದುವೆಯಾದ ಮೇಲೆ ಕೆಲಸಕ್ಕೆ ಮತ್ತೆ ಹೋಗಲಾ ಎಂದು ಕೇಳಿದಳು. ನೋಡೋಣ ಎಂದರು ಅತ್ತೆ. ಸಂಜೆ ಕಾಲೇಜು ಸೇರಲಾ ಎಂದಳು, ಅದಕ್ಕೂ ನೋಡೋಣ. ಹೊಸದಾಗಿ ಬಂದವಳು, ಪಾಪ, ಅವಳು ನಿಜವಾಗಿಯೂ ನೋಡುತ್ತಾರೆಂದು ಕಾದಳು.

ಹೀಗಿರುವಾಗ ಊರಿನ ನಸೀಬು ತಿರುಗಿತು, ಅಥವಾ ತಿರುಗಿತೆಂದು ಪೇಪರಿನವರು ಬರೆದರು. ಇಷ್ಟು ವರ್ಷ ಕರೆಂಟಿಲ್ಲವೆಂದು ನಾವು ಅಳುತ್ತಿದ್ದೆವಲ್ಲ, ದೂರದ ದೇಶಗಳ ದುಡ್ಡಿನವರಿಗೆ ಆ ಕತ್ತಲೆಯೇ ಕಣ್ಣಿಗೆ ಬಿತ್ತು. ಇವರಿಗೆ ದೀಪ ಬೇಕು, ದೀಪ ಯಾರೂ ಕೊಟ್ಟಿಲ್ಲ, ಮೊದಲು ಹೋದವನಿಗೆ ಲಾಭ ಎಂದು ಲೆಕ್ಕ ಹಾಕಿ ಒಬ್ಬರ ಹಿಂದೊಬ್ಬರು ವಿಮಾನ ಹತ್ತಿದರು. ನೊಣ ಹೊಡೆಯುತ್ತಿದ್ದ ಹೋಟೆಲುಗಳಲ್ಲಿ ರೂಮೇ ಸಿಗದಂತಾಯಿತು. ಬಂದವರಲ್ಲಿ ಕೊನೆಗೆ ಎರಡು ಕಂಪನಿ ಉಳಿದುಕೊಂಡವು. ಒಂದು, ಬಂದರಿನಲ್ಲಿ ಗ್ಯಾಸ್ ಇಳಿಸಿಕೊಂಡು ಅದರಿಂದ ಕರೆಂಟು ಮಾಡುತ್ತೇವೆ ಎಂದವರು. ಇನ್ನೊಂದು, ಮಾಳಿಗೆಗಳ ಮೇಲೆ ಸೋಲಾರ್ ಫಲಕ ಹಾಸಿ, ಕೆಳಗೆ ಬ್ಯಾಟರಿ ಇಟ್ಟು, ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡುತ್ತೇವೆ ಎಂದವರು. ಊರವರು ಅವರಿಗೆ ಗ್ಯಾಸಿನೋರು, ಬಿಸಿಲಿನೋರು ಎಂದು ಹೆಸರಿಟ್ಟು ಕೈತೊಳೆದುಕೊಂಡರು.

ನಗರಸಭೆ ಬಲು ಜಾಣತನದ ಒಂದು ನಿಯಮ ಮಾಡಿತು. ಊರಿನ ಯಾವ ಭಾಗದಲ್ಲಿ ಈಗಾಗಲೇ ಖಾಸಗಿ ಲೈನು ಇದೆಯೋ ಅಲ್ಲಿ ಆ ಲೈನಿನವರು ಯಾವ ಕಂಪನಿಗೆ ಒಪ್ಪಿ ತಮ್ಮ ಯಂತ್ರ ನಿಲ್ಲಿಸುತ್ತಾರೋ ಆ ಕಂಪನಿಗೇ ಆ ಭಾಗ. ಜಗಳ ಕಂಪನಿಗಳಿಗೆ ಬಿಟ್ಟು ತಾನು ನೆರಳಲ್ಲಿ ಕೂರುವ ಉಪಾಯ. ಅಂಗಡಿ ಬೀದಿಯಷ್ಟು ಕರೆಂಟು ಉರಿಸುವ ಜಾಗ ಊರಿನಲ್ಲಿ ಬೇರೆ ಇರಲಿಲ್ಲ. ಎರಡೂ ಕಂಪನಿಯ ಕಣ್ಣು ಅತ್ತೆಯ ಶೆಡ್ಡಿನ ಮೇಲೆ ಬಿತ್ತು.

ಬಿಸಿಲು ಕಂಪನಿಗೆ ಎರಡು ಭಾಷೆ ಬಲ್ಲವರು ಬೇಕಾಗಿದ್ದರು. ಸೊಸೆ ಈ ಸಲ ಯಾರನ್ನೂ ಕೇಳದೆ ಹೋಗಿ ನಿಂತಳು. ಕೆಲಸ ಸಿಕ್ಕಿತು. ಮನೆಗೆ ಬಂದು ಹೇಳಿದಾಗ ಗಂಡ ಹೂಂ ಎಂದ. ಅತ್ತೆ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, “ಊಟದ ಡಬ್ಬಿ ತಗೊಂಡು ಹೋಗು” ಎಂದು ಕೂಗಿದರಷ್ಟೇ. ಕಂಪನಿಯ ಮುಖ್ಯಸ್ಥೆ ನರೆಗೂದಲಿನ, ಸಣ್ಣ ಮೈಯ ಹೆಂಗಸು. ಎಲ್ಲರಿಗೂ ಅವರು ಮೇಡಂ. ಮೇಡಂ ಮೊದಲ ದಿನವೇ ಹೇಳಿದ್ದರು: ಅಂಗಡಿ ಬೀದಿ ನಮಗೆ ಸಿಕ್ಕಿದರೆ ಕಂಪನಿ ಇಲ್ಲೇ ಬೇರೂರುತ್ತದೆ, ನಿನ್ನ ಕೆಲಸವೂ ಕಾಯಂ. ಸಿಗದಿದ್ದರೆ ನಾವು ಗಂಟುಮೂಟೆ ಕಟ್ಟಬೇಕು. ಸೊಸೆಗೆ ಕೆಲಸದ ಆಸೆ ಒಂದೇ ಅಲ್ಲ, ಆ ಬಿಸಿಲಿನ ಮಾತೂ ನಿಜವೆನಿಸಿತ್ತು. ಶೆಡ್ಡಿನ ಹೊಗೆಗೆ ಅವಳ ಅಡುಗೆಮನೆಯ ಗೋಡೆ ಕಪ್ಪಾಗಿತ್ತು. ಗಂಡನ ಕೆಮ್ಮು ವರ್ಷದಿಂದ ವರ್ಷಕ್ಕೆ ಇಂಜಿನ್ನಿನ ಕೆಮ್ಮನ್ನೇ ಹೋಲತೊಡಗಿತ್ತು.

ಒಂದು ಮಧ್ಯಾಹ್ನ ಮೇಡಂ ಮನೆಗೆ ಬಂದರು. ಮುಂದಿನ ಕೋಣೆಯಲ್ಲಿ ಅತ್ತೆ ಒಳ್ಳೆಯ ಕುರ್ಚಿಯನ್ನು ಒರೆಸಿ ಹಾಕಿ ತಾವು ಬೆತ್ತದ ಗಿಡ್ಡ ಸ್ಟೂಲಿನ ಮೇಲೆ ಕೂತರು. ನಡುವೆ ಸೊಸೆ. ಮೇಡಂ ಚಿತ್ರಗಳನ್ನು ಹರಡಿ ವಿವರಿಸಿದರು. ತಮ್ಮ ದೇಶದ ಹೂಡಿಕೆದಾರರು ವ್ಯಾಪಾರ ಇನ್ನೂ ಬೇರೂರದ ಇಂಥ ಊರುಗಳನ್ನು ಗಡಿಯ ಮಾರುಕಟ್ಟೆ ಎನ್ನುತ್ತಾರೆ, ಅಲ್ಲಿ ಹಣ ಹಾಕಲು ಹೆದರುತ್ತಾರೆ, ಅವರನ್ನು ಒಪ್ಪಿಸಿ ಬಂದಿದ್ದೇನೆ ಎಂದರು. ಸೊಸೆ ಅದನ್ನು ಅತ್ತೆಗೆ ತಿರುಗಿಸಿ ಹೇಳಿದಳು.

“ಗಡಿನಾ? ಗಡಿ ಇಲ್ಲೆಲ್ಲಿದೆ? ಬಸ್ಸಲ್ಲಿ ಹೋದ್ರೂ ಇಡೀ ದಿನ ಬೇಕಲ್ಲೇ” ಎಂದು ಅತ್ತೆ ಅಚ್ಚರಿಪಟ್ಟರು. “ಪಾಪ, ದಾರಿ ತಪ್ಪಿ ಬಂದಿದ್ದಾರೇನೋ ಕೇಳು.”

ಸೊಸೆ ಅದನ್ನು ಮೇಡಂಗೆ ಹೇಳದೆ ನುಂಗಿಕೊಂಡಳು. ಮೇಡಂ ಕೊನೆಗೆ ವಿಷಯಕ್ಕೆ ಬಂದರು. ನಿಮ್ಮ ತಂತಿಗಳನ್ನೆಲ್ಲ ನಾವು ಕೊಳ್ಳುತ್ತೇವೆ, ಒಳ್ಳೆಯ ಬೆಲೆ ಕೊಡುತ್ತೇವೆ, ನೀವು ಇಂಜಿನ್ ನಿಲ್ಲಿಸಬೇಕು. ನಿಮ್ಮ ಅಭಿಪ್ರಾಯವೇನು?

ಅತ್ತೆ ಚಹಾದ ಲೋಟ ಮೇಡಂ ಕಡೆಗೆ ಸರಿಸಿ, ನಗುತ್ತಾ ತಲೆಯಾಡಿಸಿದರು. “ಆಯ್ತು, ನೋಡೋಣ.”

ಸೊಸೆಗೆ ಅದರ ಅರ್ಥ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳ ಪರವಾಗಿ ವಾದಿಸಲು ನನಗೂ ಆಸೆಯೇ, ಆದರೆ ಆ ಮನೆಯಲ್ಲಿ ಅಷ್ಟು ವರ್ಷ ಬಾಳಿದವಳು ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಮೇಡಂ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಒಂದೊಂದೇ ಶಬ್ದವನ್ನು ಮೇಡಂ ಭಾಷೆಗೆ ತಿರುಗಿಸಿದಳು. ‘ಒಳ್ಳೆಯದು, ನಾವಿಬ್ಬರೂ ಸೇರಿ ನೋಡುವ ಎನ್ನುತ್ತಿದ್ದಾರೆ.’ ಯಾವ ಪಂಡಿತನನ್ನು ಕರೆಸಿ ಕೇಳಿದರೂ ಅದರಲ್ಲಿ ಒಂದಕ್ಷರ ತಪ್ಪು ಸಿಗುತ್ತಿರಲಿಲ್ಲ.

ಮೇಡಂ ಮುಖ ಅರಳಿತು. ಎದ್ದು ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡು ಅಲುಗಾಡಿಸಿದರು. ಹೊರಡುತ್ತಿದ್ದಾರೆಂದುಕೊಂಡು ಅತ್ತೆಗೂ ಬಹಳ ಸಂತೋಷವಾಯಿತು. ಅವರು ಹೋದ ಮೇಲೆ, “ಒಳ್ಳೆ ಹೆಂಗಸು ಕಣೇ. ಒಂದೇ ಮಾತಿಗೆ ಅರ್ಥ ಮಾಡ್ಕೊಂಡ್ಳು, ಹಟ ಮಾಡ್ಲಿಲ್ಲ” ಎಂದು ಹೊಗಳಿದರು. ಸೊಸೆ ಲೋಟ ತೊಳೆಯಲು ಹೋದಳು.

ಆ ವಾರವೇ ಗ್ಯಾಸಿನೋರೂ ಬಂದರು. ಅವರೂ ಚಹಾ ಕುಡಿದರು, ಅವರಿಗೂ ನೋಡೋಣ ಸಿಕ್ಕಿತು. ಆದರೆ ಅವರ ಜೊತೆ ಬಂದಿದ್ದ ದುಭಾಷಿ ಮುದುಕ, ಬಂದರಿನಲ್ಲಿ ಪಳಗಿದವನು. ಮೆಟ್ಟಿಲಿಳಿಯುವ ಮೊದಲೇ ಗ್ಯಾಸ್ ಕಂಪನಿಯ ಮುಖ್ಯಸ್ಥನ ಕಿವಿಯಲ್ಲಿ, ಇದು ಆಗುವ ಮಾತಲ್ಲ, ಬೇರೆ ಕಡೆ ನೋಡಿ ಎಂದ. ಗ್ಯಾಸಿನೋರು ತಡಮಾಡದೆ ಮೀನು ಮಾರುಕಟ್ಟೆಯ ಕಡೆಯ ಲೈನಿನವನನ್ನು ಹಿಡಿದು ಒಪ್ಪಿಸಿಬಿಟ್ಟರು. ಬಿಸಿಲಿನೋರು ಅಂಗಡಿ ಬೀದಿ ನಮ್ಮದಾಯಿತೆಂದು ನಂಬಿ ಅತ್ತ ತಿರುಗಿಯೂ ನೋಡಲಿಲ್ಲ. ಮೇಡಂ ತಮ್ಮ ದೇಶಕ್ಕೆ ಸುದ್ದಿ ಕಳಿಸಿದರು. ಹೂಡಿಕೆದಾರರು ಹಣ ಬಿಟ್ಟರು. ಹಡಗಿನಲ್ಲಿ ಫಲಕಗಳು ಹೊರಟವು. ಔಷಧಿ ಅಂಗಡಿಯ ಮೇಲಿನ ಆಫೀಸಿನಲ್ಲಿ ಸೊಸೆಗೆ ಒಂದು ಮೇಜು, ಒಂದು ತಿರುಗುವ ಕುರ್ಚಿ ಬಂತು. ಅವಳು ಆ ಕುರ್ಚಿಯಲ್ಲಿ ಕೂತರೂ ತಿರುಗಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದಳು. ಅತ್ತೆಯ ಮನಸ್ಸು ತಿರುಗಬಹುದೆಂಬ ಆಸೆ ಬೇರೆ.

ಅತ್ತೆಯ ಮನಸ್ಸು ತಿರುಗಲಿಲ್ಲ, ಲಾರಿಗಳು ತಿರುಗಿ ಬೀದಿಗೆ ಬಂದವು. ಕೂಲಿಯವರು ಹಗ್ಗ ಕಟ್ಟಿ ದರ್ಜಿಯ ಮಾಳಿಗೆಗೆ ಕಬ್ಬಿಣದ ಚೌಕಟ್ಟುಗಳನ್ನು ಏರಿಸುತ್ತಿದ್ದಾಗ ಅತ್ತೆ ಡೀಸೆಲ್ ಡಬ್ಬ ಹಿಡಿದು ಆ ದಾರಿಯಲ್ಲೇ ಬರುತ್ತಿದ್ದರು. ಬೇಕರಿಯವನು ಬಾಗಿಲಿಗೆ ಬಂದು, “ಅತ್ತೆ, ಅಂತೂ ಒಪ್ಪಿದ್ರಂತೆ! ನಮಗೆ ಒಂದು ಮಾತು ಹೇಳಬಾರ್ದಾ? ಇನ್ನು ನಿಮಗೆ ಆರಾಮು ಬಿಡಿ” ಎಂದ. ಅವನ ದನಿಯಲ್ಲಿ ನೋವಿತ್ತು, ಖುಷಿಯೂ ಇತ್ತು. ಅತ್ತೆ ಡಬ್ಬವನ್ನು ಅಲ್ಲೇ ಬೀದಿಯಲ್ಲಿ ಇಟ್ಟು ಮನೆಗೆ ನಡೆದರು.

ಸೊಸೆ ಆಗಷ್ಟೇ ಬಂದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತರು. ಅವರು ಕೂಗಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದದ್ದು.

“ನಾನು ಒಪ್ಪಿದೆ ಅಂತ ಯಾರೇ ಹೇಳಿದ್ದು?”

“ನೀವು ಅಂದಿದ್ದನ್ನೇ ನಾನು ಹೇಳ್ದೆ ಅತ್ತೆ.”

“ನಾನು ಅಂದಿದ್ದೇನು ಅಂತ ನಿನಗೆ ಗೊತ್ತಿರ್ಲಿಲ್ವಾ? ಹೊರಗಿನೋಳಿಗೆ ಗೊತ್ತಾಗಲ್ಲ, ಸರಿ. ನಿನಗೆ?”

ಚಾಕು ಸೊಸೆಯ ಕೈಯಿಂದ ಜಾರಿತು. ತಪ್ಪಾಯಿತು ಎನ್ನಬೇಕೆಂದುಕೊಂಡಿದ್ದವಳು ಇನ್ನೇನೋ ಹೇಳಿದಳು. ಎಷ್ಟೋ ಕಾಲದಿಂದ ಅದುಮಿಟ್ಟದ್ದು ಕಟ್ಟೆಯೊಡೆದಂತೆ ಬಂತು.

“ಗೊತ್ತಿತ್ತು. ಈಗ ಗೊತ್ತು. ಆದ್ರೆ ಎಷ್ಟು ವರ್ಷ ಗೊತ್ತಿರ್ಲಿಲ್ಲ ಅತ್ತೆ! ಕೆಲಸಕ್ಕೆ ಹೋಗ್ತೀನಿ ಅಂದೆ, ನೋಡೋಣ ಅಂದ್ರಿ. ಓದ್ತೀನಿ ಅಂದೆ, ನೋಡೋಣ ಅಂದ್ರಿ. ಅಮ್ಮನಿಗೆ ಹುಷಾರಿಲ್ಲ, ಒಂದು ತಿಂಗಳು ಇದ್ದು ಬರ್ಲಾ ಅಂದೆ, ಅದಕ್ಕೂ ನೋಡೋಣ ಅಂದ್ರಿ. ಪ್ರತಿ ಸಲ ನಾನು ಬಟ್ಟೆ ಮಡಚಿ ಇಟ್ಕೊಂಡು ಕಾದಿದ್ದೀನಿ. ಒಂದೇ ಒಂದು ಸಲ ಇಲ್ಲ ಅಂದಿದ್ರೆ ಅತ್ತುಬಿಟ್ಟು ಸುಮ್ಮನಾಗ್ತಿದ್ದೆ.”

ಅತ್ತೆ ಹೊಸ್ತಿಲ ಮೇಲೆ ಕೂತರು. ಹಿತ್ತಲಲ್ಲಿ ಕೈತೊಳೆಯುತ್ತಿದ್ದ ಹೂಂ ಸಾಹೇಬ ಒಳಗೆ ಬರಲೂ ಆರದೆ, ಹೋಗಲೂ ಆರದೆ ಅಲ್ಲೇ ನಿಂತ.

“ಇಲ್ಲ ಅಂದ್ರೆ ನಿನ್ನ ಮುಖ ಸಣ್ಣದಾಗುತ್ತಲ್ಲ ಅಂತ ಹಾಗಂತಿದ್ದೆ ಕಣೇ” ಎಂದರು ಅತ್ತೆ. “ಗಂಡ ಹೋದಾಗ ನಾನು ಹತ್ತು ಜನರ ಬಾಗಿಲಿಗೆ ಹೋಗಿದ್ದೆ. ಎಲ್ಲರೂ ಮುಖದ ಮೇಲೆ ಇಲ್ಲ ಅಂದ್ರು. ಆ ಮಾತು ನನ್ನ ಬಾಯಲ್ಲಿ ಯಾರಿಗೂ ಬರಬಾರದು ಅಂದ್ಕೊಂಡೆ. ನಿನ್ನನ್ನ ಕಾಯಿಸ್ತಾ ಇದ್ದೀನಿ ಅಂತ ಗೊತ್ತಾಗ್ಲಿಲ್ಲ.”

ಸೊಸೆಯ ಸಿಟ್ಟೆಲ್ಲ ಇಳಿದು ಹೋಗಿ ಬರೀ ಸಂಕಟ ಉಳಿಯಿತು.

“ಇಂಜಿನ್ ನಿಲ್ಸೋಕೆ ಯಾಕೆ ಬೇಡ ಅತ್ತೆ? ನಿಮಗೂ ವಯಸ್ಸಾಯ್ತು. ಇವರ ಕೆಮ್ಮು ನೋಡಿ.”

“ಅದು ಹಾಳು ಇಂಜಿನ್, ನನಗೇನು ಅದರ ಮೇಲೆ ಪ್ರೀತಿನಾ?” ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ದೀಪ ಹೋದ್ರೆ ಬೀದಿಯೋರೆಲ್ಲ ಅತ್ತೆ ಅಂತ ಕೂಗ್ತಾರೆ. ಅದು ನಿಂತ ದಿನ ನಾನು ಅವರಿಗೆ ಯಾರೇ? ಕಿವುಡು ಮುದುಕಿ.”

ಮರುದಿನ ಬೆಳಿಗ್ಗೆ ನಗರಸಭೆಯ ಎಂಜಿನಿಯರ್ ಬಿಸಿಲು ಕಂಪನಿಯ ಆಫೀಸಿಗೆ ಬರುವವನಿದ್ದ. ಅವನ ಎದುರು ಅತ್ತೆ ಬಾಯಿಬಿಟ್ಟು ಒಪ್ಪಿಗೆ ಹೇಳಿದರೆ ಬೀದಿ ಕಂಪನಿಯದು. ಸೊಸೆ ಅದನ್ನು ಹೇಳಿದಳು. “ಅವರು ಬರೋ ಮುಂಚೆ ನಾನು ಮೇಡಂಗೆ ಎಲ್ಲಾ ಹೇಳ್ಬಿಡ್ತೀನಿ. ತಪ್ಪು ನನ್ನದು.”

“ಹೇಳಿದ್ರೆ ನಿನ್ನ ಕೆಲಸ?”

ಸೊಸೆ ಬಗ್ಗಿ ಚಾಕು ಎತ್ತಿಕೊಂಡು ಮತ್ತೆ ಹೆಚ್ಚತೊಡಗಿದಳು. “ನಾನೂ ಬರ್ತೀನಿ” ಎಂದರು ಅತ್ತೆ.

ಬೆಳಿಗ್ಗೆ ಇಬ್ಬರೂ ಔಷಧಿ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರು. ಅತ್ತೆ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಸೀರೆ ಉಟ್ಟಿದ್ದರು. ಎಂಜಿನಿಯರ್ ಇನ್ನೂ ಬಂದಿರಲಿಲ್ಲ. ಮೇಡಂ ಎದ್ದು ಬಂದು ಸ್ವಾಗತಿಸಿದರು. ಅವರ ಕಣ್ಣಿನ ಕೆಳಗೆ ಕಪ್ಪಾಗಿತ್ತು, ಪಾಪ, ಅವರಿಗೂ ಬೆನ್ನ ಹಿಂದೆ ದುಡ್ಡಿನವರ ಕಾಟ. ಸೊಸೆ ಉಸಿರೆಳೆದುಕೊಂಡು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಮುಂದೆ ಬಂದು, ಕಿಟಕಿ ಗಾಜು ನಡುಗುವಂತೆ ಕೂಗಿದರು.

“ನಾನು ಒಪ್ಪಿದ್ದೀನಿ. ಅವತ್ತೇ ಒಪ್ಪಿದ್ದೆ. ನನ್ನ ಸೊಸೆ ಸರಿಯಾಗೇ ಹೇಳಿದ್ದಾಳೆ. ಇಂಜಿನ್ ನಿಲ್ಲಿಸ್ತೀನಿ, ಲೈನು ಕೊಡ್ತೀನಿ. ಹೇಳು ಅವರಿಗೆ.”

ಸೊಸೆ ತಿರುಗಿ ನೋಡಿದಳು. ಅತ್ತೆಯ ಮುಖ ಗಟ್ಟಿಯಾಗಿತ್ತು. ಯಾವ ಅಡ್ಡಗೋಡೆಯ ಮೇಲೂ ದೀಪ ಇಡದೆ ಆ ಹೆಂಗಸು ನೇರವಾಗಿ ಆಡಿದ ಮಾತು ಬಹುಶಃ ಅದೇ ಮೊದಲನೆಯದು, ಅದೂ ಹಸಿ ಸುಳ್ಳು.

“ಏನಂದರು?” ಎಂದರು ಮೇಡಂ.

ಹೇಳಿಬಿಟ್ಟರೆ ಮುಗಿಯಿತು. ಬೀದಿ ಕಂಪನಿಗೆ, ಕೆಲಸ ತನಗೆ, ಗಂಡನ ಎದೆಗೆ ಒಳ್ಳೆಯ ಗಾಳಿ. ಸೊಸೆಗೆ ಆ ಕುರ್ಚಿ, ಆ ಮೇಜು, ಬೆಳಿಗ್ಗೆ ತಲೆ ಬಾಚಿಕೊಂಡು ಮನೆಯಿಂದ ಹೊರಬೀಳುವ ಸುಖ, ಎಲ್ಲವೂ ಕಣ್ಣ ಮುಂದೆ ಬಂತು. ಅವಳು ಮೊದಲು ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದಳು. ಆಮೇಲೆ, ನಿಲ್ಲಿಸದೆ, ಅದು ನಿಜವಲ್ಲ ಎಂದಳು. ಅವತ್ತು ಇವರು ಹೇಳಿದ್ದು ಆಗುವುದಿಲ್ಲವೆಂದು, ನಾನು ಗೊತ್ತಿದ್ದೇ ಶಬ್ದವನ್ನು ಕೊಟ್ಟು ಅರ್ಥವನ್ನು ಇಟ್ಟುಕೊಂಡೆ ಎಂದಳು. ಇವತ್ತು ಇವರು ಒಪ್ಪುತ್ತಿರುವುದು ನನ್ನ ಕೆಲಸ ಉಳಿಸಲಿಕ್ಕೆ ಎಂದಳು.

ಮೇಡಂ ಕೂಗಾಡಲಿಲ್ಲ. ನಿಧಾನವಾಗಿ ಕೂತರು. ಅವತ್ತೇ ಹೇಳಿದ್ದರೆ ಮರುದಿನವೇ ಮೀನು ಮಾರುಕಟ್ಟೆಯ ಕಡೆ ಹೋಗುತ್ತಿದ್ದೆ, ಈಗ ಅದೂ ಗ್ಯಾಸಿನವರ ಪಾಲಾಯಿತು ಎಂದರು. ಆಮೇಲೆ ಕೇಳಿದರು, “ಇವತ್ತಿನ ಮಾತನ್ನೇ ನಾನು ಹಿಡಿದುಕೊಂಡರೆ?”

“ಹಿಡಿದುಕೊಳ್ಳಬಹುದು. ಎಂಜಿನಿಯರ್ ಎದುರೂ ಇದನ್ನೇ ಹೇಳುತ್ತಾರೆ. ಕೊಟ್ಟ ಮಾತಿಗೆ ತಪ್ಪುವವರಲ್ಲ” ಎಂದಳು ಸೊಸೆ.

ಮೇಡಂ ಅತ್ತೆಯನ್ನು ನೋಡಿದರು. ಏನು ನಡೆಯುತ್ತಿದೆಯೆಂದು ತಿಳಿಯದ ಅತ್ತೆ, ಮಾತು ಸರಿಯಾಗಿ ತಲುಪಲಿಲ್ಲವೇನೋ ಎಂದುಕೊಂಡು, ‘ಹೌದು, ಹೌದು’ ಎಂದು ಮೇಡಂ ಕಡೆ ಜೋರಾಗಿ ತಲೆಯಾಡಿಸಿದರು. ಕೆಳಗೆ ಬೀದಿಯಲ್ಲಿ ಫಲಕಗಳ ಲಾರಿ ಹಾರ್ನ್ ಹೊಡೆಯುತ್ತಿತ್ತು. ಅತ್ತೆ ಸೊಸೆಗಾಗಿ ಕೊಟ್ಟ ಒಪ್ಪಿಗೆಯನ್ನು ನಾನು ಕಂಪನಿಯ ಲೆಕ್ಕಕ್ಕೆ ಬರೆದುಕೊಳ್ಳಲಾರೆ ಎಂದರು ಮೇಡಂ. ಫಲಕಗಳನ್ನು ಶಾಲೆಯ ಮೇಲೋ ಆಸ್ಪತ್ರೆಯ ಮೇಲೋ ಹಾಕಲು ಕೇಳಿ ನೋಡುವುದಾಗಿ ಹೇಳಿದರು. ಅದು ಸಾಲದಿದ್ದರೆ ಗಂಟುಮೂಟೆ ಕಟ್ಟುವುದೇ. ಕೊನೆಗೆ ಸೊಸೆಯ ಭುಜ ಮುಟ್ಟಿ, ಮೆಲ್ಲಗೆ, ನಾಳೆಯಿಂದ ಬರಬೇಡ ಎಂದರು. ಪ್ರತಿ ಮಾತನ್ನೂ ತೂಗಿ ನೋಡಬೇಕಾದ ದುಭಾಷಿಯನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಸೊಸೆಗೂ ಅದು ನ್ಯಾಯವೆಂದೇ ಅನಿಸಿತು. ನ್ಯಾಯವೆನಿಸಿದ್ದಕ್ಕೆ ಅಳು ಕಡಿಮೆಯಾಗಲಿಲ್ಲ.

ಮೆಟ್ಟಿಲಿಳಿಯುವಾಗ ಅತ್ತೆ ಅವಳ ತೋಳು ಹಿಡಿದುಕೊಂಡಿದ್ದರು. ಮಂಡಿನೋವಿಗೋ, ಅವಳಿಗಾಗಿಯೋ ಹೇಳುವುದು ಕಷ್ಟ. ಅರ್ಧ ಇಳಿಯುವಷ್ಟರಲ್ಲಿ ಸೊಸೆ ತಾನು ಮೇಡಂಗೆ ಹೇಳಿದ್ದನ್ನೂ ಕೆಲಸ ಹೋದದ್ದನ್ನೂ ಅವರಿಗೆ ಹೇಳಿದಳು. ಗೋಡೆಗೊರಗಿ ನಿಂತು ಬಿಕ್ಕಿದಳು.

“ಆ ಕೆಲಸ ನನಗೆ ತುಂಬಾ ಬೇಕಿತ್ತು ಅತ್ತೆ.”

ಅತ್ತೆ ಮೊದಲ ಸಲ ದನಿ ತಗ್ಗಿಸಿ, ಬರೀ ಅವಳೊಬ್ಬಳಿಗೇ ಕೇಳುವಂತೆ ಮಾತಾಡಿದರು.

“ಗೊತ್ತು. ಅದಕ್ಕೇ ಕೊಟ್ಟೆ. ನೀನೇ ಇಸ್ಕೊಳ್ಳಲಿಲ್ಲ.”